ಓದಿಸುವುದು ಹೇಗೆ, ತಮ್ಮ ಕಥೆ ಬರೆಸುವುದು ಹೇಗೆ: ಆರರಿಂದ ಎಂಟನೇ ತರಗತಿಯ ಕನ್ನಡ ಶಿಕ್ಷಕರ ಮುಂದಿರುವ ದಾರಿಗಳು

ಏಳನೇ ತರಗತಿಯ ನಲವತ್ತೊಂದು ಪುಸ್ತಕಗಳನ್ನು ತಿದ್ದಲು ಕುಳಿತ ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ವಿಷಯ ‘ನನ್ನ ಬಾಳಿನ ಮರೆಯಲಾಗದ ಘಟನೆ’. ಹದಿನೇಳು ಮಕ್ಕಳು ಬೇಲೂರು, ಹಳೇಬೀಡು ನೋಡಿ ಬಂದಿದ್ದರು. ಆ ವರ್ಷ ನಮ್ಮ ಶಾಲೆಯಿಂದ ಪ್ರವಾಸವೇ ಹೊರಟಿರಲಿಲ್ಲ. ಹದಿನೇಳು ಬರಹಗಳಲ್ಲೂ ಶಿಲಾಬಾಲಿಕೆಯರು ‘ಕಣ್ಮನ ಸೆಳೆಯುತ್ತಿದ್ದರು’, ಹದಿನೇಳರ ಕೊನೆಯಲ್ಲೂ ‘ಈ ಪ್ರವಾಸವನ್ನು ನಾನು ಎಂದೆಂದಿಗೂ ಮರೆಯಲಾರೆ’ ಎಂದಿತ್ತು. ಗೈಡಿನ ಯಾವ ಪುಟದಿಂದ ಇಳಿದು ಬಂದದ್ದು ಎಂಬುದೂ ನನಗೆ ಗೊತ್ತಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ನಾಲ್ಕೇ ಸಾಲು ಬರೆದಿದ್ದ. ತಂಗಿಯ ಪಾಲಿನ ಕೊಬ್ಬರಿ ಮಿಠಾಯಿಯನ್ನು ತಾನೇ ತಿಂದು ಬೆಕ್ಕಿನ ಮೇಲೆ ಹೇಳಿದ್ದು, ತಂಗಿ ಅದನ್ನು ನಂಬಿ ಬೆಕ್ಕಿಗೆ ಎರಡು ದಿನ ಹಾಲು ಹಾಕದೆ ಇದ್ದದ್ದು, ಅಷ್ಟೇ. ಆರು ಕಾಗುಣಿತದ ತಪ್ಪು. ನಾನು ಹತ್ತಕ್ಕೆ ಮೂರು ಅಂಕ ಕೊಟ್ಟೆ. ಬೇಲೂರಿಗೆ ಹೋದವರಿಗೆಲ್ಲ ಏಳು.

ರಾತ್ರಿ ಮಲಗಿದ ಮೇಲೂ ಆ ಬೆಕ್ಕು ತಲೆಯಿಂದ ಹೋಗಲಿಲ್ಲ. ನಾನು ನಿಜವಾಗಿ ಓದಿದ್ದು ಆ ನಾಲ್ಕು ಸಾಲುಗಳನ್ನು ಮಾತ್ರ. ಉಳಿದವುಗಳ ಮೇಲೆ ಕೆಂಪು ಪೆನ್ನು ಓಡಿತ್ತು, ಕಣ್ಣು ಓಡಿರಲಿಲ್ಲ.

ಅಂದಿನಿಂದ ಯಾವ ವಿಧಾನವನ್ನು ಯಾರು ಹೇಳಿಕೊಟ್ಟರೂ ಒಂದೇ ಪ್ರಶ್ನೆ ಹಾಕಿ ನೋಡುತ್ತೇನೆ: ಮಗು ಬರೆದದ್ದನ್ನು ಓದುವವರು ಯಾರು? ಕೆಳಗಿನ ಹೋಲಿಕೆ ಈ ಪ್ರಶ್ನೆಯಿಂದಲೇ ಹೊರಟಿದೆ. ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳು, ನಲವತ್ತು ನಿಮಿಷದ ಅವಧಿ, ನಲವತ್ತರ ಆಚೀಚೆ ಮಕ್ಕಳಿರುವ ಕೊಠಡಿ, ಇವನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಿದ್ದೇನೆ. ನಿಮ್ಮ ಶಾಲೆಯ ಲೆಕ್ಕ ಬೇರೆಯಿದ್ದರೆ ಅದಕ್ಕೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿಕೊಳ್ಳಿ.

ಬರೆಸುವ ಐದು ದಾರಿಗಳು

ಮೊದಲನೆಯದು ನಮಗೆಲ್ಲ ರೂಢಿಯಾದ ಪ್ರಬಂಧ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಇದನ್ನು ಹಳಿಯುವುದು ಈಗ ಫ್ಯಾಷನ್ ಆಗಿದೆ, ನಾನು ಹಳಿಯುವುದಿಲ್ಲ. ‘ಗ್ರಂಥಾಲಯಗಳ ಮಹತ್ವ’ ಎಂದು ಬರೆಯಬೇಕಾದರೆ ಇದಕ್ಕಿಂತ ಒಳ್ಳೆಯ ಚೌಕಟ್ಟಿಲ್ಲ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಪ್ರಬಂಧ ಬಂದೇ ಬರುತ್ತದೆ, ಮಕ್ಕಳಿಗೆ ಅದು ಕೈಗೆ ಹತ್ತಿರಬೇಕು. ತೊಂದರೆ ಬರುವುದು ಸ್ವಂತ ಅನುಭವವನ್ನು ಇದರೊಳಗೆ ತುರುಕಿದಾಗ. ಸೈಕಲ್ಲಿನಿಂದ ಬಿದ್ದ ಹುಡುಗಿ ‘ಮಾನವನ ಜೀವನದಲ್ಲಿ ಸುಖದುಃಖಗಳು ಸಹಜ’ ಎಂದು ಶುರು ಮಾಡುತ್ತಾಳೆ. ಅವಳು ಬೀಳುವ ಹೊತ್ತಿಗೆ ಪುಟ ಮುಗಿದಿರುತ್ತದೆ. ಇಲ್ಲಿ ಓದುಗ ಎಂದರೆ ಅಂಕ.

ಎರಡನೆಯದು ದಿನಚರಿ. ಬರೆಯುವ ಅಭ್ಯಾಸ ಬೆಳೆಸಲು ಇದು ಅಗ್ಗದ, ಸುಲಭದ ದಾರಿ. ಆದರೆ ಮೂರನೇ ವಾರಕ್ಕೆ ಎಲ್ಲ ಪುಸ್ತಕಗಳೂ ‘ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ, ಉಪ್ಪಿಟ್ಟು ತಿಂದೆ’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ದಿನವಿಡೀ ನಡೆದದ್ದನ್ನು ಬರೆಯಬೇಡಿ, ಇಂದು ಕಂಡ ಒಂದೇ ಒಂದು ಸಂಗತಿಯನ್ನು ಮೂರು ಸಾಲಿನಲ್ಲಿ ಬರೆಯಿರಿ ಎಂದರೆ ಸ್ವಲ್ಪ ಉಸಿರು ಬರುತ್ತದೆ. ದಿನಚರಿಗೆ ಓದುಗರೇ ಇಲ್ಲ, ಅಥವಾ ಇಣುಕಿ ನೋಡುವ ಶಿಕ್ಷಕರಿದ್ದಾರೆ. ಇಣುಕುವವರು ಇರುವುದು ಓದುಗರೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ನಾನು ಮಕ್ಕಳೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ: ಮಡಿಸಿಟ್ಟ ಹಾಳೆಯನ್ನು ನಾನು ಬಿಡಿಸುವುದಿಲ್ಲ. ಹದಿಮೂರು ವರ್ಷದವರಿಗೆ ಆ ಮಡಿಕೆ ತುಂಬ ಮುಖ್ಯ. ಎಂಟನೇ ತರಗತಿಯ ಪುಸ್ತಕಗಳಲ್ಲಿ ಮಡಿಸಿದ ಹಾಳೆಗಳು ಹೆಚ್ಚಿರುತ್ತವೆ, ಇರಲಿ.

ಮೂರನೆಯದು ಕಾಗದ. ನನ್ನ ಮಟ್ಟಿಗೆ ಇದರಷ್ಟು ಕಡೆಗಣಿಸಿದ ವಿಧಾನ ಇನ್ನೊಂದಿಲ್ಲ. ಐವತ್ತು ಪೈಸೆಯ ಅಂಚೆ ಕಾರ್ಡು, ಅದರ ಅರ್ಧದಷ್ಟು ಜಾಗದಲ್ಲಿ ಒಂದೇ ಘಟನೆ, ಓದುವವರು ಅಜ್ಜಿ, ಸೋದರಮಾವ ಅಥವಾ ವರ್ಗವಾಗಿ ಹೋದ ಹಳೆಯ ಶಿಕ್ಷಕಿ. ಮಗು ಬರೆಯುವಾಗಲೇ ಓದುವವರ ಮುಖ ಅದರ ಕಣ್ಣಮುಂದೆ ಇರುತ್ತದೆ. ‘ಅಜ್ಜಿಗೆ ನಮ್ಮ ಹೊಸ ಮನೆ ಗೊತ್ತಿಲ್ಲ, ಹೇಳಬೇಕು’ ಎಂದು ತಾನಾಗಿ ವಿವರ ಸೇರಿಸುತ್ತದೆ. ನಾನು ಎಷ್ಟು ಸಲ ‘ವಿವರವಾಗಿ ಬರೆ’ ಎಂದು ಅಂಚಿನಲ್ಲಿ ಗೀಚಿದರೂ ಆಗದ ಕೆಲಸ ಇದು. ಕಾರ್ಡಿನಲ್ಲಿ ಜಾಗವಿಲ್ಲದ ಕಾರಣ ಪೀಠಿಕೆ ತಾನಾಗಿ ಬಿದ್ದುಹೋಗುತ್ತದೆ. ಓದಲು ಬಾರದ ಅಜ್ಜಿಯಾದರೂ ಚಿಂತೆಯಿಲ್ಲ. ಯಾರಾದರೂ ಓದಿ ಹೇಳುತ್ತಾರೆ, ಹಾಗೆ ಓದಿ ಹೇಳಿದ್ದು ಬೀದಿಗೆಲ್ಲ ಗೊತ್ತಾಗುತ್ತದೆ. ಕುಂದು ಎರಡು. ಉತ್ತರ ಎಲ್ಲರಿಗೂ ಬರುವುದಿಲ್ಲ, ಬಾರದ ಮಕ್ಕಳ ಮುಖ ನೋಡಲಾಗುವುದಿಲ್ಲ. ಅಂಥವರಿಗೆ ನಾನೇ ಮರುಪತ್ರ ಬರೆಯುತ್ತೇನೆ. ಎರಡನೆಯದು, ಮಕ್ಕಳಿಗೆ ತಮ್ಮ ಮನೆಯ ವಿಳಾಸವೇ ಗೊತ್ತಿರುವುದಿಲ್ಲ. ಪಿನ್ ಕೋಡ್ ಕೇಳಿದರೆ ಅಪ್ಪನ ಮೊಬೈಲ್ ನಂಬರ್ ಹೇಳುತ್ತಾರೆ.

ನಾಲ್ಕನೆಯದು ಕಮ್ಮಟ. ಹೇಳು, ಕರಡು ಬರೆ, ಜೊತೆಗಾರರಿಗೆ ಓದಿ ಹೇಳು, ಅವರಿಗೆ ಅರ್ಥವಾಗದ್ದನ್ನು ತಿದ್ದು, ಆಮೇಲೆ ಅಂದದ ಪ್ರತಿ ಮಾಡು. ಅಮೆರಿಕದ ಮೇನ್ ರಾಜ್ಯದ ಶಿಕ್ಷಕಿ ನ್ಯಾನ್ಸಿ ಆಟ್‌ವೆಲ್ ಇದೇ ವಯಸ್ಸಿನ ಮಕ್ಕಳಿಗೆ ದಶಕಗಳ ಕಾಲ ಹೀಗೆ ಕಲಿಸಿದವರು. ಏನು ಓದಬೇಕು, ಏನು ಬರೆಯಬೇಕು ಎಂಬುದನ್ನು ಮಕ್ಕಳೇ ಆರಿಸಿಕೊಳ್ಳಲಿ ಎಂಬುದು ಅವರ ತತ್ವ. 2015ರಲ್ಲಿ ಮೊದಲ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರಿಗೆ ಬಂದಾಗ ಹತ್ತು ಲಕ್ಷ ಡಾಲರನ್ನೂ ತಾವು ಕಟ್ಟಿದ ಶಾಲೆಗೇ ಕೊಟ್ಟರು. ವಿಧಾನ ಚೆನ್ನಾಗಿದೆ, ಆದರೆ ಅವರದು ಚಿಕ್ಕ ತರಗತಿ. ನಮ್ಮ ಲೆಕ್ಕ ನೋಡಿ: ನಲವತ್ತೈದು ಮಕ್ಕಳೊಂದಿಗೆ ತಲಾ ಮೂರು ನಿಮಿಷ ಕುಳಿತು ಮಾತನಾಡಿದರೆ ನೂರ ಮೂವತ್ತೈದು ನಿಮಿಷ, ಅಂದರೆ ಮೂರು ಅವಧಿ ಮುಗಿದು ನಾಲ್ಕನೆಯದಕ್ಕೆ ಕಾಲಿಡುತ್ತದೆ. ಅಷ್ಟರಲ್ಲಿ ಉಳಿದ ನಲವತ್ತನಾಲ್ಕು ಮಂದಿ ಏನು ಮಾಡುತ್ತಿರುತ್ತಾರೆ ಎಂಬುದನ್ನು ಪಕ್ಕದ ಕೊಠಡಿಯ ಗಣಿತದ ಶಿಕ್ಷಕರು ಬಂದು ತಿಳಿಸುತ್ತಾರೆ. ಆದ್ದರಿಂದ ನಮ್ಮಲ್ಲಿ ಕಮ್ಮಟ ನಡೆಯಬೇಕಾದರೆ ಓದುಗನ ಕೆಲಸವನ್ನು ಜೊತೆಗಾರರಿಗೆ ಒಪ್ಪಿಸಬೇಕು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಮಾತಿಗೆ ಅವಕಾಶವಿಲ್ಲ. ಕೇಳಿದವರು ಎರಡು ಪ್ರಶ್ನೆ ಕೇಳಬೇಕು, ಅಷ್ಟೇ. ‘ಆಗ ನಿನ್ನ ತಂಗಿ ಏನೆಂದಳು?’ ‘ಬೆಕ್ಕಿನ ಬಣ್ಣ ಯಾವುದು?’ ಎರಡನೇ ಕರಡು ಈ ಪ್ರಶ್ನೆಗಳಿಗೆ ಉತ್ತರ.

ಐದನೆಯದು ಗೋಡೆ ಪತ್ರಿಕೆ. ಇದರ ಹಿಂದೆ ನನಗಿಷ್ಟವಾದ ಒಂದು ಕಥೆಯಿದೆ. ಫ್ರಾನ್ಸಿನ ಹಳ್ಳಿ ಶಿಕ್ಷಕ ಸೆಲೆಸ್ತಾಂ ಫ್ರೆನೆ ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ತಿಂದು ಬಂದವರು. ಹೆಚ್ಚು ಹೊತ್ತು ನಿಂತು ಪಾಠ ಹೇಳುವ ಶಕ್ತಿ ಅವರಿಗೆ ಉಳಿದಿರಲಿಲ್ಲ. 1920ರ ದಶಕದಲ್ಲಿ ಅವರು ತರಗತಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದರು. ಮಕ್ಕಳು ತಮ್ಮ ಅನುಭವ ಬರೆದು, ತಾವೇ ಅಚ್ಚಕ್ಷರದ ಮೊಳೆ ಜೋಡಿಸಿ, ಅಚ್ಚು ಹಾಕಿ, ಬೇರೆ ಊರಿನ ಶಾಲೆಗೆ ಕಳುಹಿಸಿದರು. ಅಲ್ಲಿಂದಲೂ ಬರಹಗಳು ಬಂದವು. ನಮಗೆ ಯಂತ್ರ ಬೇಕಿಲ್ಲ, ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಇಡೀ ಶಾಲೆಯೇ ಓದುಗರಾಗುವುದು ಗೋಡೆ ಪತ್ರಿಕೆಯ ಬಲ. ಅದೇ ಅದರ ದೌರ್ಬಲ್ಯವೂ ಹೌದು. ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ತಪಾಸಣೆಗೆ ಬಂದವರು ಎಲ್ಲರೂ ನೋಡುತ್ತಾರೆ ಎಂದು ಗೊತ್ತಾದೊಡನೆ ನಾವು ಅಂದವಾದ ಅಕ್ಷರದ ಆರು ಮಕ್ಕಳನ್ನೇ ಪ್ರತಿ ತಿಂಗಳೂ ಹಿಡಿಯುತ್ತೇವೆ, ಆ ಆರು ಮಂದಿ ಜಾಣತನದಿಂದ ‘ನನ್ನ ಶಾಲೆ’ ಎಂದು ಬರೆಯುತ್ತಾರೆ.

ಇವುಗಳಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಕಾಗದವನ್ನು ಆರಿಸುತ್ತೇನೆ. ಎರಡಕ್ಕೆ ಅವಕಾಶವಿದ್ದರೆ ಕಾಗದದಿಂದ ಶುರು ಮಾಡಿ, ವರ್ಷಕ್ಕೆ ಒಂದೇ ಒಂದು ಬರಹವನ್ನು ಕಮ್ಮಟದಲ್ಲಿ ಮೂರು ಕರಡಿನವರೆಗೆ ಬೆಳೆಸುತ್ತೇನೆ. ಹತ್ತು ಬರಹ ಒಂದೊಂದು ಸಲ ಬರೆಸುವುದಕ್ಕಿಂತ ಒಂದು ಬರಹ ಮೂರು ಸಲ ಬರೆಸುವುದರಿಂದ ಹೆಚ್ಚು ಕಲಿತದ್ದನ್ನು ಕಂಡಿದ್ದೇನೆ.

ವಿಷಯ ಕೊಡುವುದರಲ್ಲೇ ಅರ್ಧ ಸೋಲು

‘ಮರೆಯಲಾಗದ ಘಟನೆ’ ಎಂದರೆ ಮಕ್ಕಳು ದೊಡ್ಡದನ್ನು ಹುಡುಕುತ್ತಾರೆ: ಅಪಘಾತ, ಬಹುಮಾನ, ಮೈಸೂರು ದಸರಾ. ಹನ್ನೆರಡು ವರ್ಷದ ಬಾಳಿನಲ್ಲಿ ಅಷ್ಟು ದೊಡ್ಡದು ಎಲ್ಲರಿಗೂ ಆಗಿರುವುದಿಲ್ಲ. ಆಗದವರು ಗೈಡಿನಿಂದ ಸಾಲ ತರುತ್ತಾರೆ. ‘ರಜೆಯಲ್ಲಿ ನಾನು ಹೋದ ಊರು’ ಇನ್ನೂ ಕಷ್ಟ. ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋದ ಹುಡುಗಿ ಅದನ್ನು ಬರೆಯಬೇಕೋ ಬೇಡವೋ ಎಂದು ಪೆನ್ನು ಕಚ್ಚುತ್ತ ಕೂರುತ್ತಾಳೆ.

ಇದಕ್ಕೆ ಬದಲಾಗಿ ‘ನಿನ್ನ ಮೈಮೇಲಿರುವ ಒಂದು ಗಾಯದ ಗುರುತು, ಅದು ಬಂದದ್ದು ಹೇಗೆ?’ ಎಂದು ಕೇಳಿ ನೋಡಿ. ಮೊಣಕಾಲು, ಹುಬ್ಬು, ಹೆಬ್ಬೆರಳು, ಯಾರಿಗಾದರೂ ಎಲ್ಲಾದರೂ ಒಂದು ಗುರುತು ಇದ್ದೇ ಇರುತ್ತದೆ. ಬಡವ ಬಲ್ಲಿದ ಎಂಬ ಭೇದ ಇಲ್ಲಿಲ್ಲ. ಕುಡುಗೋಲು, ಸೈಕಲ್ ಚೈನು, ಬಿಸಿ ತವೆ, ದೀಪಾವಳಿಯ ಹೂಕುಂಡ ಎಲ್ಲವೂ ಹೊರಬರುತ್ತವೆ. ಕಳೆದುಹೋದ ವಸ್ತು, ಹೇಳಿ ಸಿಕ್ಕಿಬಿದ್ದ ಸುಳ್ಳು, ತಪ್ಪಿಹೋದ ಬಸ್ಸು ಕೂಡ ಒಳ್ಳೆಯ ಫಸಲು ಕೊಡುತ್ತವೆ. ಆದರೆ ಗಾಯದ ವಿಷಯ ಕೊಡುವಾಗ ಒಂದು ಎಚ್ಚರ ಬೇಕು, ಅದನ್ನು ಮುಂದೆ ಹೇಳುತ್ತೇನೆ.

ವಿಷಯ ಕೊಟ್ಟ ಕೂಡಲೇ ಪುಸ್ತಕ ತೆರೆಸಬೇಡಿ. ಮೊದಲ ಹತ್ತು ನಿಮಿಷ ಬಾಯಲ್ಲಿ ಹೇಳಿಕೊಳ್ಳಲಿ. ಗದ್ದಲವಾಗುತ್ತದೆ, ಆಗಲಿ.

ಓದಿಸುವುದರಲ್ಲಿ ಯಾವುದು?

ಸರದಿಯಂತೆ ಒಬ್ಬೊಬ್ಬರಿಂದ ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಿಸುವುದು ನಮ್ಮ ಹಳೆಯ ಪದ್ಧತಿ. ಯಾರಿಗೆ ಓದಲು ಬರುತ್ತದೆ ಎಂದು ತಿಳಿಯಲು ತಿಂಗಳಿಗೊಮ್ಮೆ ಸಾಕು. ಪಾಠವೇ ಅದಾದರೆ ಏನಾಗುತ್ತದೆ ಎಂಬುದು ನಮಗೂ ನೆನಪಿರಬೇಕು: ತನ್ನ ಪ್ಯಾರಾ ಯಾವುದೆಂದು ತಲೆ ಎಣಿಸಿ, ಅದನ್ನೇ ಒಳಗೊಳಗೆ ಓದಿಕೊಳ್ಳುತ್ತ ಕುಳಿತ ಹುಡುಗನಿಗೆ ಉಳಿದ ಪಾಠ ಕೇಳಿಸುವುದಿಲ್ಲ. ತಡವರಿಸುವವನಿಗೆ ಅದು ದಿನವೂ ನಡೆಯುವ ಅವಮಾನ.

ಶಿಕ್ಷಕರು ಗಟ್ಟಿಯಾಗಿ ಓದಿ ಕೇಳಿಸುವುದು ಚಿಕ್ಕ ಮಕ್ಕಳಿಗೆ ಮಾತ್ರ ಎಂಬ ಭ್ರಮೆಯಿದೆ. ಎಂಟನೇ ತರಗತಿಯವರೂ ಬಾಯಿ ತೆರೆದು ಕೇಳುತ್ತಾರೆ. ಬರೆಸುವ ಮುನ್ನ ಇದೇ ಬೇಕು, ಏಕೆಂದರೆ ವಾಕ್ಯದ ಲಯ ಕಿವಿಯಿಂದ ಇಳಿಯುತ್ತದೆ. ತಾವೇ ಆರಿಸಿದ ಪುಸ್ತಕವನ್ನು ಮೌನವಾಗಿ ಹದಿನೈದು ನಿಮಿಷ ಓದುವುದು ಮೂರನೆಯ ದಾರಿ. ಇದಕ್ಕೆ ಪುಸ್ತಕಗಳು ಬೇಕು. ಶಾಲೆಯ ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಮೊದಲು ಹುಡುಕಿ. ಅದು ಸಿಗದಿದ್ದರೆ ಗ್ರಾಮ ಪಂಚಾಯತಿ ಗ್ರಂಥಾಲಯವಿದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ಶನಿವಾರ ತರಗತಿಯನ್ನೇ ನಡೆಸಿಕೊಂಡು ಹೋಗಿ.

ಇನ್ನು, ಎರಡನೇ ತರಗತಿಯ ಮಟ್ಟದ ಪಾಠವನ್ನೂ ಸರಾಗವಾಗಿ ಓದಲಾಗದ ಮಕ್ಕಳು ಮೇಲಿನ ತರಗತಿಗಳಲ್ಲಿ ಇದ್ದಾರೆ ಎಂದು ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆ ವರ್ಷಗಳಿಂದ ಹೇಳುತ್ತ ಬಂದಿದೆ. ನಮಗೆ ಸಮೀಕ್ಷೆ ಬೇಕಿಲ್ಲ, ಹಾಜರಿ ಪುಸ್ತಕ ನೋಡಿದರೆ ಹೆಸರು ಹೇಳಬಲ್ಲೆವು. ಇವರಿಗೆ ಮೌನ ಓದು ಎಂದರೆ ಹಾಳೆ ತಿರುವುವ ನಾಟಕ. ಇವರ ಕಥೆಯನ್ನು ಅವರ ಬಾಯಿಂದ ಕೇಳಿ, ಹೇಳಿದ ಹಾಗೆಯೇ ನಾನು ಬರೆದುಕೊಡುತ್ತೇನೆ. ಮರುದಿನದಿಂದ ಅದೇ ಅವರ ಪಾಠ. ತನ್ನ ಎಮ್ಮೆ ಕಳೆದುಹೋದ ಕಥೆಯಲ್ಲಿ ‘ಎಮ್ಮೆ’ ಎಂಬ ಪದ ಎಲ್ಲಿದೆ ಎಂದು ಹುಡುಗ ತಾನೇ ಕಂಡುಹಿಡಿಯುತ್ತಾನೆ, ಮಕಾರದ ಒತ್ತು ಅಲ್ಲೇ ಕಲಿಯುತ್ತಾನೆ. ಆರನೇ ತರಗತಿಯವನ ಕೈಗೆ ಒಂದನೇ ತರಗತಿಯ ಪುಸ್ತಕ ಕೊಡುವುದಕ್ಕಿಂತ ಇದು ಎಷ್ಟೋ ಮೇಲು.

ಮಾದರಿಯಾಗಿ ಯಾರನ್ನು ಓದಿ ಕೇಳಿಸಬೇಕು?

ಕನ್ನಡದಲ್ಲಿ ಬಾಲ್ಯದ ಬರಹಗಳಿಗೆ ಬರವಿಲ್ಲ. ಆದರೆ ದೊಡ್ಡವರಿಗೆ ಇಷ್ಟವಾದದ್ದೆಲ್ಲ ಮಕ್ಕಳಿಗೆ ಮಾದರಿಯಾಗುವುದಿಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರ ಪುಸ್ತಕ. ಅದರಲ್ಲಿನ ‘ಅಜ್ಜಯ್ಯನ ಅಭ್ಯಂಜನ’ ಕೇಳಿ ಮಕ್ಕಳು ನಗುತ್ತಾರೆ, ಆದರೆ ಆ ಸಂಸ್ಕೃತಭರಿತ ಗದ್ಯವನ್ನು ಅನುಕರಿಸಲು ಹೋಗಿ ಮುಗ್ಗರಿಸುತ್ತಾರೆ. ಕೇಳಿ ಸವಿಯಲು ಸರಿ, ಮಾದರಿಗೆ ಅಲ್ಲ. ತೇಜಸ್ವಿಯವರ ‘ಪರಿಸರದ ಕಥೆ’ ಈ ವಯಸ್ಸಿಗೆ ಹೇಳಿ ಮಾಡಿಸಿದ್ದು. ಕಿವಿ ಎಂಬ ನಾಯಿ, ಮಾರ, ಪ್ಯಾರ ಇವರೆಲ್ಲ ಮೊದಲ ಪುಟದಿಂದಲೇ ಮಕ್ಕಳ ನೆಂಟರಾಗುತ್ತಾರೆ. ಲೇಖಕ ತನ್ನ ಪೆದ್ದುತನವನ್ನು ತಾನೇ ಹೇಳಿಕೊಂಡು ನಗುವುದು ಮಕ್ಕಳಿಗೆ ದೊಡ್ಡ ಬಿಡುಗಡೆ. ಆದರೆ ಅದು ಬೆಳೆದವನ ಅನುಭವ, ಬಾಲ್ಯದ್ದಲ್ಲ.

ಬಾಲ್ಯಕ್ಕೆ ನಾನು ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭದ ಪುಟಗಳಿಗೆ ಹೋಗುತ್ತೇನೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಕೇರಿಯ ಹುಡುಗ ಕಂಡದ್ದನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ, ಎಲ್ಲೂ ದನಿ ಎತ್ತರಿಸದೆ ಹೇಳುತ್ತಾನೆ. ಕಷ್ಟವನ್ನು ಹೇಳಲು ‘ಅತ್ಯಂತ ದುಃಖವಾಯಿತು’ ಎಂಬ ಸಾಲು ಬೇಕಿಲ್ಲ, ಕಂಡದ್ದನ್ನು ಹೇಳಿದರೆ ಸಾಕು ಎಂಬುದು ಮಕ್ಕಳಿಗೆ ಬೋಧನೆಯಿಲ್ಲದೆ ತಿಳಿಯುತ್ತದೆ. ಇದನ್ನು ಓದುವಾಗ ತರಗತಿಯಲ್ಲಿ ಯಾರ ಕಡೆಗೂ ಬೆರಳು ತೋರದಂತೆ, ‘ನಿಮ್ಮ ಕೇರಿಯಲ್ಲೂ ಹೀಗೆಯೇ?’ ಎಂದು ಯಾರನ್ನೂ ಕೇಳದಂತೆ ನೋಡಿಕೊಳ್ಳಿ. ಹುಡುಗಿಯರಿಗೆ ಹುಡುಗಿಯ ಬಾಲ್ಯವೂ ಸಿಗಬೇಕು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ಆತ್ಮಕಥನದಿಂದ ನಾಟಕ ಕಂಪನಿಯ ದಿನಗಳನ್ನು ಆರಿಸಿಕೊಳ್ಳಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಯಾವ ಸಾಹಿತಿಗಿಂತಲೂ ಕಳೆದ ವರ್ಷದ ತರಗತಿಯ ಮಗುವೊಂದರ ಬರಹ ಹೆಚ್ಚು ಕೆಲಸ ಮಾಡುತ್ತದೆ. ‘ಇದನ್ನು ಬರೆದವರು ಇದೇ ಬೆಂಚಿನಲ್ಲಿ ಕುಳಿತಿದ್ದರು’ ಎಂದರೆ ಮುಗಿಯಿತು. ಬರೆದ ಮಗುವಿನ ಒಪ್ಪಿಗೆ ಪಡೆದು ಮೂರ್ನಾಲ್ಕು ಪ್ರತಿಗಳನ್ನು ಇಟ್ಟುಕೊಳ್ಳಿ.

ಆಡುಮಾತೋ, ಗ್ರಂಥ ಭಾಷೆಯೋ?

ನಮ್ಮ ತರಗತಿಯಲ್ಲಿ ಅತಿ ಹೆಚ್ಚು ಬರಹಗಳು ಸಾಯುವುದು ಇಲ್ಲಿ. ‘ಅವ್ವ ರೊಟ್ಟಿ ಬಡಿಯುತ್ತಿದ್ದಳು’ ಎಂದು ಬರೆದ ಬಾಲಕಿಯ ಸಾಲನ್ನು ‘ತಾಯಿಯವರು ರೊಟ್ಟಿ ತಯಾರಿಸುತ್ತಿದ್ದರು’ ಎಂದು ತಿದ್ದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸದ್ದೂ ಹೋಯಿತು, ಅವ್ವನೂ ಹೋದಳು. ಅವ್ವ, ಅಬ್ಬೆ, ಅಮ್ಮಿ, ಲಂಬಾಣಿ ತಾಂಡಾದ ಮಗುವಿನ ಯಾಡಿ, ತುಳು ಮನೆಯ ಅಪ್ಪೆ, ಇವರಲ್ಲಿ ಯಾರನ್ನೂ ಮುಟ್ಟಬೇಡಿ.

ಇಲ್ಲಿ ಮೂರು ದಾರಿಗಳಿವೆ. ಮೊದಲಿನಿಂದಲೇ ಶಿಷ್ಟ ಭಾಷೆಯಲ್ಲಿ ಬರೆಸಿದರೆ ಮಕ್ಕಳು ತಮಗೆ ಬರುವ ವಾಕ್ಯಗಳಷ್ಟನ್ನೇ ಬರೆಯುತ್ತಾರೆ, ನಡೆದದ್ದನ್ನು ಬರೆಯುವುದಿಲ್ಲ. ಪೂರ್ತಿ ಆಡುಮಾತಿನಲ್ಲೇ ಬಿಟ್ಟರೆ ಕಥೆ ಉಳಿಯುತ್ತದೆ, ಆದರೆ ಪತ್ರಿಕೆ, ಪಠ್ಯ, ಅರ್ಜಿಯ ಭಾಷೆ ಅವರ ಕೈಗೆ ಹತ್ತುವುದಿಲ್ಲ. ಆ ಭಾಷೆಯನ್ನು ಮನೆಯಲ್ಲಿ ಕಲಿಸುವವರಿಲ್ಲದ ಮಕ್ಕಳಿಗೆ ಇದು ದೊಡ್ಡ ನಷ್ಟ. ನಾನು ಹಿಡಿದದ್ದು ನಡುವಿನದು: ಮೊದಲ ಕರಡು ಬಾಯಿಗೆ ಬಂದಂತೆ, ಎರಡನೆಯದರಲ್ಲಿ ನಿರೂಪಣೆ ಮಾತ್ರ ಶಿಷ್ಟ ರೂಪಕ್ಕೆ, ಉದ್ಧರಣ ಚಿಹ್ನೆಯೊಳಗಿನ ಮಾತು ಆಡಿದವರ ಬಾಯಲ್ಲಿದ್ದ ಹಾಗೆಯೇ. ಹೀಗೆ ಮಾಡಿದರೆ ಉದ್ಧರಣ ಚಿಹ್ನೆ ಏಕೆ ಬೇಕು ಎಂಬುದು ವ್ಯಾಕರಣದ ಪಾಠವಿಲ್ಲದೆ ಅರ್ಥವಾಗುತ್ತದೆ.

ಕೆಂಪು ಪೆನ್ನು, ಪೆನ್ಸಿಲ್, ಬೀಗ ಹಾಕಿದ ಬಾಯಿ

ಎಲ್ಲ ತಪ್ಪುಗಳನ್ನೂ ಸುತ್ತು ಹಾಕಿದರೆ ಮಗು ಮುಂದಿನ ಸಲ ಕಡಿಮೆ ಬರೆಯುತ್ತದೆ. ಏನೂ ತಿದ್ದದಿದ್ದರೆ ಪೋಷಕರು ಬಂದು ಕೇಳುತ್ತಾರೆ, ಕೇಳುವುದರಲ್ಲಿ ನ್ಯಾಯವೂ ಇದೆ. ಒಂದು ಕರಡಿಗೆ ಒಂದೇ ಬಗೆಯ ತಪ್ಪು ಎಂಬ ನಿಯಮ ಇಟ್ಟುಕೊಳ್ಳಿ. ಈ ಸಲ ಅಕಾರ ಹಕಾರ. ‘ಆಸನಕ್ಕೆ ಹೋದೆವು’ ಎಂದು ಬರೆದವನಿಗೆ ಅವನು ಹೋದದ್ದು ಕುರ್ಚಿಗೋ ಊರಿಗೋ ಎಂದು ಕೇಳಿದರೆ ಅವನೇ ನಕ್ಕು ತಿದ್ದಿಕೊಳ್ಳುತ್ತಾನೆ. ಮುಂದಿನ ಸಲ ಒತ್ತಕ್ಷರ, ಅದರ ಮುಂದೆ ಮಹಾಪ್ರಾಣ. ಪುಟದ ಕೊನೆಗೆ ಪೆನ್ಸಿಲಿನಲ್ಲಿ ಒಂದು ಸಾಲು, ಓದುಗನಾಗಿ: ‘ಆ ಬೆಕ್ಕಿಗೆ ಮೂರನೇ ದಿನ ಹಾಲು ಸಿಕ್ಕಿತೇ?’ ಅಂಕ ಕೊಡಲೇಬೇಕಾದಾಗ ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆಯೇ ಮಾಡುವ ಮೌಲ್ಯಮಾಪನ) ಚಟುವಟಿಕೆಯಾಗಿ ಇದನ್ನು ಸೇರಿಸಿ, ಮೊದಲ ಕರಡಿಗೂ ಕೊನೆಯದಕ್ಕೂ ನಡುವೆ ಆದ ಬದಲಾವಣೆಗೆ ಅಂಕ ಕೊಡಿ.

ಈಗ ಆ ಎಚ್ಚರದ ಮಾತು. ಗಾಯದ ಗುರುತಿನ ಬಗ್ಗೆ ಕೇಳಿದರೆ ಬೆಲ್ಟಿನ ಗುರುತೂ ಹೊರಬರಬಹುದು. ಮಗು ನಮ್ಮನ್ನು ನಂಬಿ ಬರೆದಿದೆ. ಅಂಥ ಬರಹ ಗೋಡೆಗೂ ಹೋಗಬಾರದು, ಜೊತೆಗಾರರ ಕೈಗೂ ಹೋಗಬಾರದು, ಶಿಕ್ಷಕರ ಕೊಠಡಿಯ ಮಾತಿಗಂತೂ ಬರಲೇಬಾರದು. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ನಮ್ಮ ಹೊಣೆ. ಇದರಲ್ಲಿ ಆಯ್ಕೆಯ ಮಾತೇ ಇಲ್ಲ. ಇದಕ್ಕೆ ಸಿದ್ಧರಿಲ್ಲದಿದ್ದರೆ ಕಳೆದುಹೋದ ವಸ್ತುವಿನ ವಿಷಯದಿಂದಲೇ ಶುರು ಮಾಡಿ.

ಯಾರಿಗೆ ಯಾವುದು

ಕನ್ನಡ ಎರಡನೇ ಭಾಷೆಯಾಗಿರುವ ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ಕಾಗದ, ಜೊತೆಗೆ ಓದಿ ಕೇಳಿಸುವುದು. ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ ದಿನಚರಿ ಮತ್ತು ಗೋಡೆ ಪತ್ರಿಕೆ. ದೊಡ್ಡವರು ಚಿಕ್ಕವರ ಕಥೆ ಬರೆದುಕೊಡಲಿ. ಹೊರದೇಶದಲ್ಲಿ ವಾರಾಂತ್ಯಕ್ಕೊಮ್ಮೆ ಕನ್ನಡ ಕಲಿಸುವವರಿಗೆ ಪ್ರಬಂಧ ಬೇಡವೇ ಬೇಡ. ಊರಿನ ಅಜ್ಜಿಗೆ ಧ್ವನಿ ಸಂದೇಶ ಕಳುಹಿಸಲಿ, ಆಮೇಲೆ ಅದನ್ನೇ ಕೇಳಿಕೊಂಡು ಬರೆಯಲಿ. ತುಂಬಿದ ತರಗತಿಯವರು ಜೂನ್, ಜುಲೈನಲ್ಲಿ ಕಾಗದ ಮುಗಿಸಿ, ದಸರಾ ರಜೆಗೆ ಮುಂಚೆ ಕಮ್ಮಟಕ್ಕೆ ಎಂಟು ಅವಧಿ ತೆಗೆದಿಟ್ಟುಕೊಳ್ಳಿ. ಎರಡು ಹೇಳುವುದಕ್ಕೆ ಮತ್ತು ಓದಿ ಕೇಳಿಸುವುದಕ್ಕೆ, ಎರಡು ಮೊದಲ ಕರಡಿಗೆ, ಎರಡು ಜೊತೆಗಾರರ ಪ್ರಶ್ನೆಗೆ, ಉಳಿದೆರಡು ಅಂದದ ಪ್ರತಿಗೆ. ಗೋಡೆ ಪತ್ರಿಕೆ ನವೆಂಬರ್ 14ಕ್ಕೆ ಇರಲಿ.

ಅಂಚೆ ಕಾರ್ಡು ತರುವಾಗ ತಲೆ ಎಣಿಸಿ ಐದಾರು ಹೆಚ್ಚಿಗೆ ತನ್ನಿ. ವಿಳಾಸದ ಜಾಗದಲ್ಲೇ ಕಥೆ ಬರೆದುಬಿಡುವವರು ಪ್ರತಿ ವರ್ಷವೂ ಇರುತ್ತಾರೆ.